ಕಾಫಿ ಶಾಪ್‌ಗೂ ಒಂದು ಬಿಡುವಿನ ಹೊತ್ತಿದೆ

ನಗರದ ನಡುವಿನಿಂದ ಹೊರವಲಯದ ಬಡಾವಣೆಗೆ ಮನೆ ಬದಲಾಯಿಸುವವರಿಗೆಲ್ಲ ಒಂದು ಆಸೆ ಇರುತ್ತದೆ. ಅಲ್ಲಿಗೆ ಹೋದ ಮೇಲೆ ಬದುಕು ತಾನಾಗಿಯೇ ನಿಧಾನ ಆಗುತ್ತದೆ ಅಂತ. ಹಾಗೇನೂ ಆಗುವುದಿಲ್ಲ. ರಸ್ತೆಯಲ್ಲಿ ಸದ್ದು ಕಡಿಮೆ, ಮರ ಜಾಸ್ತಿ, ನಿಜ. ಆದರೆ ಒಂದು ಪೆನ್ನು ಬೇಕಾದರೂ ಗಾಡಿ ತೆಗೆಯಬೇಕು. ಪರಿಚಯದವರ ಮುಖ ನೋಡಬೇಕೆಂದರೆ ಮೊದಲು ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಬೇಕು. ಮನೆಯಿಂದಲೇ ಕೆಲಸ ಮಾಡುವ ನನ್ನಂಥವಳಿಗಂತೂ ಸಂಜೆ ಹೊತ್ತಿಗೆ ಇಡೀ ದಿನ ಎಲ್ಲಿ ಹೋಯಿತು ಅನ್ನುವುದೇ ತಿಳಿಯುತ್ತಿರಲಿಲ್ಲ. ನಿಶ್ಶಬ್ದ ಇತ್ತು, ನಿಧಾನ ಇರಲಿಲ್ಲ.

ನನಗೆ ನಿಧಾನ ಸಿಕ್ಕಿದ್ದು ನಡೆದು ಹೋಗಬಹುದಾದ ಒಂದು ಕಾಫಿ ಶಾಪ್‌ನಲ್ಲಿ. ಅದರಲ್ಲೂ ಆ ಅಂಗಡಿಗೇ ಬಿಡುವಿರುವ ಹೊತ್ತಿನಲ್ಲಿ. ಈ ಎರಡನೆಯ ಮಾತೇ ಮುಖ್ಯ. ಅದನ್ನು ಹುಡುಕಿಕೊಂಡ ಬಗೆ ಹೇಳುತ್ತೇನೆ.

ಮೊದಲು ದೂರದ ವಿಷಯ. ನಾನು ಆರಾಮಾಗಿ ನಡೆದರೆ ಗಂಟೆಗೆ 5 ಕಿಲೋಮೀಟರ್ ಹತ್ತಿರ ಹೋಗುತ್ತೇನೆ. ಅಂದರೆ ಕಾಲು ಗಂಟೆಗೆ ಒಂದೂಕಾಲು ಕಿಲೋಮೀಟರ್. ಫೋನಿನ ಮ್ಯಾಪ್‌ನಲ್ಲಿ ಮನೆಯ ಸುತ್ತ ಅಷ್ಟು ದೂರದಲ್ಲಿ ಏನೇನಿದೆ ಅಂತ ನೋಡಿದೆ. ಆಮೇಲೆ ನಡೆದೇ ನೋಡಿದೆ, ಯಾಕೆಂದರೆ ಬಡಾವಣೆಗಳಲ್ಲಿ ಮ್ಯಾಪ್‌ನ ನೇರ ದೂರಕ್ಕೂ ಕಾಲಿಗೆ ಸಿಗುವ ದೂರಕ್ಕೂ ಸಂಬಂಧ ಇರುವುದಿಲ್ಲ. ನಡುವೆ ಕಾಂಪೌಂಡ್ ಗೋಡೆ ಬರುತ್ತದೆ. ರಸ್ತೆ ಮುಂದೆ ಹೋಗದೆ ಅಲ್ಲೇ ನಿಂತುಬಿಡುತ್ತದೆ. ಪ್ಯಾರಿಸ್‌ನಲ್ಲಿ ಪಾಠ ಮಾಡುವ ಕಾರ್ಲೋಸ್ ಮೊರೆನೊ 2016ರಲ್ಲಿ 15 ನಿಮಿಷದ ನಗರ ಅನ್ನುವ ಯೋಚನೆ ಮುಂದಿಟ್ಟರು. ದಿನನಿತ್ಯ ಬೇಕಾಗುವುದೆಲ್ಲ ಕಾಲ್ನಡಿಗೆಯಲ್ಲೋ ಸೈಕಲ್‌ನಲ್ಲೋ ಕಾಲು ಗಂಟೆಯೊಳಗೆ ಸಿಗಬೇಕು ಅನ್ನುವುದು ಅದರ ಸಾರ. ನನ್ನ ಬಡಾವಣೆಯಲ್ಲಿ ಆ ಲೆಕ್ಕಕ್ಕೆ ಸಿಕ್ಕಿದ್ದು ಒಂದು ಮೆಡಿಕಲ್ ಶಾಪ್, ಒಂದು ಜೆರಾಕ್ಸ್ ಅಂಗಡಿ ಮತ್ತು ಮೂರು ಕಾಫಿ ಶಾಪ್. ಮೂರಿದ್ದದ್ದೇ ಅದೃಷ್ಟ.

ಇದರ ಹಿಂದೆ ಒಂದು ಚರಿತ್ರೆಯೂ ಇದೆ. ಮನೆಗಳೆಲ್ಲ ಒಂದು ಕಡೆ, ಅಂಗಡಿಗಳೆಲ್ಲ ಇನ್ನೊಂದು ಕಡೆ ಇರಬೇಕು ಅಂತ ಸ್ಥಳೀಯ ಆಡಳಿತ ನಿಯಮ ಮಾಡಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಒಪ್ಪಿತು. ಓಹಿಯೊದ ಯೂಕ್ಲಿಡ್ ಎಂಬ ಊರಿನ ಕೇಸು ಅದು. ಕಾರ್ಖಾನೆಯ ಹೊಗೆ ಮನೆಗೆ ಬರಬಾರದು ಅನ್ನುವುದು ಸರಿಯಾದ ಮಾತೇ. ಆದರೆ ಹೊಗೆಯ ಜೊತೆ ಮೂಲೆಯ ಅಂಗಡಿಯೂ ದೂರ ಹೋಯಿತು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಎದ್ದ ಬಡಾವಣೆಗಳು ಕಾರು ಇದ್ದವರಿಗಾಗಿಯೇ ಕಟ್ಟಿದಂತಿದ್ದವು. ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಇದನ್ನೇ ದೂರಿದರು. ಮನುಷ್ಯನಿಗೆ ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ ಮೂರನೆಯ ಜಾಗ ಒಂದು ಬೇಕು, ನಮ್ಮ ಬಡಾವಣೆಗಳಲ್ಲಿ ಅದೇ ಇಲ್ಲ ಅಂತ. ಮನೆಯೇ ಕೆಲಸದ ಜಾಗವೂ ಆಗಿರುವ ನನಗೆ ಅದು ಎರಡನೆಯ ಜಾಗ. ಇನ್ನೂ ಜರೂರು.

ಗಾಡಿ ಯಾಕೆ ಬೇಡ ಅಂತ ಕೇಳಬಹುದು. ಗಾಡಿಯಲ್ಲಿ ಹೋದರೆ ಅದು ಒಂದು ಕಾರ್ಯಕ್ರಮ ಆಗಿಬಿಡುತ್ತದೆ. ಬಟ್ಟೆ ಬದಲಿಸಬೇಕು, ಪಾರ್ಕಿಂಗ್ ಹುಡುಕಬೇಕು, ಇಷ್ಟೆಲ್ಲ ಮಾಡಿದ ಮೇಲೆ ಅಲ್ಲಿ ಏನೋ ವಿಶೇಷ ನಡೆಯಬೇಕು ಅನ್ನಿಸುತ್ತದೆ. ನಡೆದು ಹೋದರೆ ಏನೂ ನಡೆಯಬೇಕಿಲ್ಲ. ಹೋಗಿ, ಕೂತು, ಎದ್ದು ಬಂದರೆ ಆಯಿತು.

ಇನ್ನು ಮೂರರಲ್ಲಿ ಒಂದನ್ನು ಆರಿಸುವುದು. ಕಾಫಿ ಎಲ್ಲಕ್ಕಿಂತ ಚೆನ್ನಾಗಿದ್ದ ಅಂಗಡಿಯನ್ನು ನಾನು ಆರಿಸಲಿಲ್ಲ. ಅಲ್ಲಿ ಕುರ್ಚಿಗಳೆಲ್ಲ ಎತ್ತರದ ಸ್ಟೂಲ್, ನೆಲಕ್ಕೆ ಬಿಗಿದಿದ್ದಾರೆ. ನೆಲ ಸಿಮೆಂಟ್, ಗೋಡೆ ಗಾಜು. ನಾಲ್ಕು ಜನ ಮಾತಾಡಿದರೆ ನಲವತ್ತು ಜನ ಮಾತಾಡಿದ ಹಾಗೆ ಕೇಳುತ್ತದೆ. ಎರಡನೆಯದರಲ್ಲಿ ಉಲ್ಟಾ ಸಮಸ್ಯೆ. ಎಷ್ಟು ಮೌನ ಎಂದರೆ ಚಮಚ ಕೆಳಗಿಟ್ಟರೂ ಎಲ್ಲರೂ ತಿರುಗಿ ನೋಡುತ್ತಾರೆ. ಮೂರನೆಯದರಲ್ಲಿ ಗ್ರೈಂಡರ್ ಸದ್ದು, ಹಾಲು ಬಿಸಿ ಮಾಡುವ ಸ್ಟೀಮ್ ಸದ್ದು, ಪಕ್ಕದ ಮೇಜಿನ ಮಾತು ಎಲ್ಲ ಸೇರಿ ಒಂದು ಹದದ ಗುಂಯ್ ಅನ್ನುವ ಶಬ್ದ. ಸುಮ್ನೆ ಕುತೂಹಲಕ್ಕೆ ಫೋನಿನ ಆ್ಯಪ್‌ನಲ್ಲಿ ಅಳೆದೆ. 70 ಡೆಸಿಬಲ್ ಆಸುಪಾಸು ತೋರಿಸಿತು. ರವಿ ಮೆಹ್ತಾ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. 50 ಡೆಸಿಬಲ್‌ನ ಮೌನಕ್ಕಿಂತ 70ರ ಹದದ ಸದ್ದಿನಲ್ಲಿ ಜನರಿಗೆ ಹೊಸ ಹೊಸ ಯೋಚನೆಗಳು ಚೆನ್ನಾಗಿ ಹೊಳೆದವು, 85ಕ್ಕೆ ಏರಿಸಿದಾಗ ಮತ್ತೆ ಕೆಟ್ಟಿತು ಅನ್ನುತ್ತದೆ ಅದು. ಫೋನಿನ ಅಳತೆ ಅಷ್ಟೇನೂ ಕರಾರುವಾಕ್ಕಲ್ಲ. ಆದರೆ ಮೂರು ಅಂಗಡಿಗಳನ್ನು ಹೋಲಿಸಿ ನೋಡಲು ಸಾಕು.

ಕುರ್ಚಿ ಬಗ್ಗೆ ಇನ್ನೊಂದು ಮಾತು. ನ್ಯೂಯಾರ್ಕ್‌ನ ಬಯಲು ಜಾಗಗಳಲ್ಲಿ ಜನ ಹೇಗೆ ಕೂರುತ್ತಾರೆ ಅಂತ ವಿಲಿಯಂ ವೈಟ್ ಎಂಬುವರು 1970ರ ದಶಕದಲ್ಲಿ ಕ್ಯಾಮೆರಾ ಇಟ್ಟು ಗಮನಿಸಿದ್ದರು. ಸರಿಸಬಹುದಾದ ಕುರ್ಚಿ ಸಿಕ್ಕರೆ ಜನ ಕೂರುವ ಮೊದಲು ಅದನ್ನು ಒಂದು ಚೂರಾದರೂ ಸರಿಸುತ್ತಾರಂತೆ. ಬಿಸಿಲಿಗೂ ಅಲ್ಲ, ನೆರಳಿಗೂ ಅಲ್ಲ. ಕೆಲವೊಮ್ಮೆ ಸರಿಸಿ ಮತ್ತೆ ಹೆಚ್ಚುಕಡಿಮೆ ಅಲ್ಲೇ ಇಡುತ್ತಾರೆ. ಇದನ್ನು ಓದಿದ ಮೇಲೆ ನನ್ನ ಅಂಗಡಿಯಲ್ಲಿ ಬರುವವರನ್ನೆಲ್ಲ ನೋಡಿದೆ. ಎಲ್ಲರೂ ಸರಿಸುತ್ತಾರೆ! ನಾನೂ ಸರಿಸುತ್ತೇನೆ. ಆ ಒಂದು ಚೂರು ಸರಿಸುವುದರಲ್ಲೇ ಆ ಜಾಗ ನಮ್ಮದಾಗುತ್ತದೆ, ಅಲ್ವಾ? ಬಿಗಿದ ಸ್ಟೂಲ್‌ನಲ್ಲಿ ಆ ಸುಖ ಇಲ್ಲ.

ಜಾಗ ಸಿಕ್ಕಿತು. ಹೊತ್ತು ಸಿಗಲು ಸ್ವಲ್ಪ ದಿನ ಹಿಡಿಯಿತು. ಬೆಳಿಗ್ಗೆ ಎಂಟಕ್ಕೆ ಹೋದರೆ ಬಾಗಿಲವರೆಗೂ ಸಾಲು. ಆಫೀಸಿಗೆ ಹೊರಟವರು ಕಾಗದದ ಕಪ್ ಹಿಡಿದು ಓಡುತ್ತಿರುತ್ತಾರೆ. ಆ ನಡುವೆ ನಾನೊಬ್ಬಳು ಪುಸ್ತಕ ಬಿಚ್ಚಿ ಕೂತು ನಿಧಾನವಾಗಿ ಬದುಕುತ್ತಿದ್ದೇನೆ ಅಂದುಕೊಂಡರೆ ಅದಕ್ಕೇನು ಅರ್ಥ? ಕೌಂಟರ್ ಹಿಂದೆ ಇರುವವರು ಬೆಳಕು ಹರಿಯುವ ಮೊದಲೇ ಬಂದಿರುತ್ತಾರೆ. ಮೆಷಿನ್ ಬಿಸಿ ಮಾಡಿ, ಗ್ರೈಂಡರ್ ಹದ ಮಾಡಿ, ಎರಡು ಮೂರು ಶಾಟ್, ಅಂದರೆ ಒಂದೆರಡು ಗುಟುಕಿನ ಗಟ್ಟಿ ಕಾಫಿ, ಎಳೆದು ರುಚಿ ನೋಡಿ ಚೆಲ್ಲಿರುತ್ತಾರೆ. ನಮ್ಮ ಆರಾಮು ನಿಂತಿರುವುದೇ ಅವರ ಅವಸರದ ಮೇಲೆ. ಸ್ಲೋ ಲಿವಿಂಗ್, ಅಂದರೆ ನಿಧಾನದ ಬದುಕು, ಅಂತ ಬರುವ ಚಂದದ ಫೋಟೋಗಳಲ್ಲಿ ಈ ಕಡೆಯವರು ಕಾಣಿಸುವುದೇ ಇಲ್ಲ. ಒಂದು ಕಪ್, ಒಂದು ಗಿಡ, ಕಿಟಕಿಯ ಬೆಳಕು, ಅಷ್ಟೇ.

ಹಾಗಾಗಿ ಒಂದು ದಿನ ಅಂಗಡಿಯ ಒಡತಿಯನ್ನೇ ಕೇಳಿದೆ.

"ಅಕ್ಕಾ, ನಿಮಗೆ ಬಿಡುವು ಅಂತ ಇರೋದು ಯಾವಾಗ?"

"ಬಿಡುವಾ?" ಅಂತ ನಕ್ಕರು. "ಹತ್ತೂವರೆ ಸುಮಾರಿಗೆ ನಾನು ಕೂತ್ಕೋತೀನಿ ನೋಡಿ. ಮತ್ತೆ ಊಟದ ಹೊತ್ತಿಗೆ ಜನ ಶುರು."

ಅದೇ ನನ್ನ ಹೊತ್ತಾಯಿತು. ಕೆಲಸವನ್ನು ಬೆಳಿಗ್ಗೆ ಬೇಗ ಶುರು ಮಾಡಿ ಹತ್ತೂವರೆಯಿಂದ ಒಂದು ಗಂಟೆ ಖಾಲಿ ಇಟ್ಟೆ. ಆಫೀಸಿನ ಕ್ಯಾಲೆಂಡರ್‌ನಲ್ಲಿ ಆ ಜಾಗ ಭರ್ತಿ ಮಾಡಿಟ್ಟೆ. ಏನು ಅಂತ ಯಾರೂ ಕೇಳಲಿಲ್ಲ. ಸಂಜೆ ಒಂದು ಗಂಟೆ ಜಾಸ್ತಿ ಕೂರಬೇಕಾಗುತ್ತದೆ. ಆ ಬೆಲೆ ಕೊಡಬಹುದು ಅನ್ನಿಸಿತು.

ಬಿಡುವಿನ ಹೊತ್ತಿಗೆ ಹೋಗುವುದರಿಂದ ಕಾಫಿಯೇ ಬದಲಾಯಿತು. ಪುಡಿಯ ಮೂಲಕ ಬಿಸಿ ನೀರನ್ನು ಒತ್ತಡದಲ್ಲಿ ಹಾಯಿಸಿ ಇಳಿಸುವ ಎಸ್ಪ್ರೆಸೊ ಹುಟ್ಟಿದ್ದೇ ಅವಸರದವರಿಗಾಗಿ. 1901ರಲ್ಲಿ ಮಿಲಾನ್‌ನ ಲುಯಿಜಿ ಬೆಜೆರಾ ಪೇಟೆಂಟ್ ಪಡೆದ ಯಂತ್ರದ ಉದ್ದೇಶ ಒಂದೊಂದು ಕಪ್ಪನ್ನು ಬೇಗ ಬೇಗ ಕೊಡುವುದು. ಈಗಲೂ 9 ಬಾರ್ ಒತ್ತಡದಲ್ಲಿ 25ರಿಂದ 30 ಸೆಕೆಂಡಿಗೆ ಶಾಟ್ ಇಳಿಯುತ್ತದೆ. ಮೇಲಿನ ಕೆಂಚು ನೊರೆ ಕೆಲವೇ ನಿಮಿಷದಲ್ಲಿ ಕರಗುತ್ತದೆ. ಅಂದರೆ ಅದನ್ನು ಎದುರಿಗಿಟ್ಟುಕೊಂಡು ಗಂಟೆಗಟ್ಟಲೆ ಕೂತರೆ ಆ ಕಾಫಿಗೇ ಅನ್ಯಾಯ. ಇಟಲಿಯಲ್ಲಿ ಜನ ಕೌಂಟರ್‌ನಲ್ಲಿ ನಿಂತೇ ಎರಡು ಗುಟುಕಿಗೆ ಮುಗಿಸಿ ಹೋಗುತ್ತಾರೆ. ನಿಧಾನವಾಗಿ ಕೂರಬೇಕೆಂದರೆ ಪೋರ್‌ಓವರ್ ಸರಿ. ಕಾಗದದ ಫಿಲ್ಟರ್‌ನಲ್ಲಿ ಪುಡಿ ಹಾಕಿ, ಮೇಲಿನಿಂದ ಬಿಸಿ ನೀರು ಸುರಿಯುವುದು. 1908ರಲ್ಲಿ ಇದಕ್ಕೆ ಹಕ್ಕು ಪಡೆದವರು ಜರ್ಮನಿಯ ಡ್ರೆಸ್ಡನ್‌ನ ಮೆಲಿಟ್ಟಾ ಬೆಂಟ್ಜ್ ಎಂಬ ಗೃಹಿಣಿ. ಮಗನ ಸ್ಕೂಲ್ ನೋಟ್‌ಬುಕ್‌ನ ಶಾಯಿ ಹೀರುವ ಒತ್ತುಕಾಗದ ಹರಿದು ಕಾಫಿ ಸೋಸಿ ನೋಡಿದ್ದರು. ಕಪ್ಪಿನ ತಳದಲ್ಲಿ ಚರಟ ಕೂರುವುದು ಅವರಿಗೆ ಇಷ್ಟ ಆಗುತ್ತಿರಲಿಲ್ಲ.

ಪೋರ್‌ಓವರ್‌ಗೆ ಮೂರು ನಾಲ್ಕು ನಿಮಿಷ ಬೇಕು. ಮಾಡುವವರು ಕೈಯಲ್ಲಿ ಕೆಟಲ್ ಹಿಡಿದು ಅಲ್ಲೇ ನಿಂತಿರಬೇಕು. ಬೆಳಿಗ್ಗೆ ಎಂಟರ ಸಾಲಿನಲ್ಲಿ ನಿಂತು ಇದನ್ನು ಕೇಳಿದರೆ ಹಿಂದಿನವರೆಲ್ಲ ಬಸ್ಸು ತಪ್ಪಿಸಿಕೊಳ್ಳುತ್ತಾರೆ. ಹತ್ತೂವರೆಗೆ ಕೇಳಿದರೆ ಮಾಡುವವರಿಗೂ ಖುಷಿ. 15 ಗ್ರಾಂ ಪುಡಿಗೆ ಸುಮಾರು 240 ಮಿಲಿ ನೀರು. ಮೊದಲು ಸ್ವಲ್ಪವೇ ನೀರು ಸುರಿದು ಅರ್ಧ ನಿಮಿಷ ಬಿಡುತ್ತಾರೆ. ಪುಡಿ ಉಬ್ಬುತ್ತದೆ, ಗುಳ್ಳೆ ಏಳುತ್ತದೆ. ಹುರಿದ ಬೀಜದೊಳಗೆ ಉಳಿದ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದು ಅದು. ಗುಳ್ಳೆ ಜೋರಾಗಿ ಎದ್ದರೆ ಬೀಜ ಹುರಿದು ಹೆಚ್ಚು ದಿನ ಆಗಿಲ್ಲ ಅಂತ. ಇದನ್ನೆಲ್ಲ ನನಗೆ ಕಲಿಸಿದ್ದು ಆ ಅಕ್ಕನೇ, ಕೌಂಟರ್ ಮೇಲೆ ಮೊಣಕೈ ಊರಿ. ಎಂಟು ಗಂಟೆಯಲ್ಲಿ ಅವರು ನನ್ನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಕಪ್ ಬಂದ ಕೂಡಲೇ ಕುಡಿಯುವುದಿಲ್ಲ. ತೀರಾ ಬಿಸಿ ಇರುವಾಗ ನಾಲಿಗೆಗೆ ಬಿಸಿ ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಆರುತ್ತ ಬಂದ ಹಾಗೆ ಹುಳಿ, ಸಿಹಿ ಎರಡೂ ಎದ್ದು ಕಾಣುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ 65 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಇರುವ ಪಾನೀಯಗಳು ಅನ್ನನಾಳದ ಕ್ಯಾನ್ಸರ್‌ಗೆ ಬಹುಶಃ ಕಾರಣ ಆಗುತ್ತವೆ ಅಂತಲೂ ಹೇಳಿದೆ. ಕಾಯಲು ಎರಡು ಕಾರಣ ಸಿಕ್ಕಿತು. ನನ್ನ ಒಂದು ಕಪ್ಪಿನಲ್ಲಿ ಮೂರು ಕಾಫಿ ಇರುತ್ತದೆ ಅಂತ ಹೇಳಿದರೆ ಮನೆಯಲ್ಲಿ ನಗುತ್ತಾರೆ. ಮೊದಲ ಗುಟುಕು, ನಡುವಿನದು, ಕೊನೆಯ ತಣ್ಣನೆಯದು, ಮೂರೂ ಬೇರೆಯೇ. ಕೊನೆಯದು ಚೆನ್ನಾಗಿದ್ದರೆ ಬೀಜ ಒಳ್ಳೆಯದು ಅಂತ ಲೆಕ್ಕ. ಕೆಟ್ಟ ಕಾಫಿ ಬಿಸಿ ಇರುವವರೆಗೆ ಮಾತ್ರ ಬಚಾವ್ ಆಗುತ್ತದೆ. ಕಾಗದದ ಕಪ್ ಬೇಡ ಅಂತ ಮೊದಲೇ ಹೇಳುತ್ತೇನೆ. ಪಿಂಗಾಣಿ ಕಪ್ಪನ್ನು ಕೈಯಲ್ಲಿ ಹಿಡಿದು ಹೊರಗೆ ಓಡಲು ಆಗುವುದಿಲ್ಲವಲ್ಲ.

ಫೋನು. ಇದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಲ್ಯಾಪ್‌ಟಾಪ್ ಒಯ್ಯುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆ, ಅದು ಸುಲಭ. ಫೋನಿನ ತೊಂದರೆ ಇದ್ದದ್ದು ದುಡ್ಡು ಕೊಡುವಾಗ. ಪೇಮೆಂಟ್‌ಗೆ ಅಂತ ತೆಗೆದರೆ ಮೇಲೆ ನಾಲ್ಕು ಮೆಸೇಜ್ ಬಂದು ಕೂತಿರುತ್ತವೆ. ಒಂದಕ್ಕೆ ಉತ್ತರ ಕೊಟ್ಟರೆ ಮುಗಿಯಿತು, ಆ ಗಂಟೆ ಹೋಯಿತು. ಹಾಗಾಗಿ ತಿಂಗಳ ಮೊದಲಲ್ಲೇ ಒಂದು ಮೊತ್ತ ಕೊಟ್ಟುಬಿಡುತ್ತೇನೆ. ಅಕ್ಕ ಒಂದು ಪುಸ್ತಕದಲ್ಲಿ ಗೀಟು ಎಳೆದುಕೊಳ್ಳುತ್ತಾರೆ. ಅವರಿಗೆ ಮುಂಗಡ ದುಡ್ಡು, ನನಗೆ ಮುಚ್ಚಿದ ಬ್ಯಾಗು. ಮೊದಮೊದಲು ಕೈ ತಾನಾಗಿ ಬ್ಯಾಗಿನ ಕಡೆ ಹೋಗುತ್ತಿತ್ತು. ಬೇಸರ ಬರುತ್ತದೆ. ಬರಲಿ ಅಂತ ಬಿಟ್ಟೆ. ಅರ್ಧ ಕಪ್ ಮುಗಿಯುವಷ್ಟರಲ್ಲಿ ಅದು ಹೋಗಿ, ಕಣ್ಣು ತಾನೇ ಸುತ್ತ ನೋಡಲು ಶುರು ಮಾಡುತ್ತದೆ.

ಸುತ್ತ ನೋಡಿದರೆ ಅದೇ ಮುಖಗಳು. ಅದೇ ಹೊತ್ತಿಗೆ ಹೋಗುವುದರ ಲಾಭ ಇದು. ಹೊತ್ತು ಬದಲಾಯಿಸುತ್ತ ಹೋದರೆ ಎಷ್ಟು ವರ್ಷ ಹೋದರೂ ನೀವು ಗಿರಾಕಿ ಮಾತ್ರ. ಒಬ್ಬರು ನಿವೃತ್ತ ಗಣಿತದ ಮೇಷ್ಟ್ರು, ಪೇಪರ್‌ನ ಸುಡೊಕು ಬಿಡಿಸುತ್ತಾರೆ. ಒಬ್ಬಳು ಎಳೆ ಮಗುವಿನ ತಾಯಿ, ಮಗು ಗಾಡಿಯಲ್ಲಿ ನಿದ್ದೆ ಹೋಗಿರುವಷ್ಟು ಹೊತ್ತು ಮಾತ್ರ ಕೂರುತ್ತಾಳೆ. ಒಬ್ಬ ಕೊರಿಯರ್ ಹುಡುಗ, ಎರಡು ಸುತ್ತುಗಳ ನಡುವೆ ಕಾಲು ಚಾಚಲು ಬರುತ್ತಾನೆ. ಮೊದಲು ತಲೆ ಅಲ್ಲಾಡಿಸುವುದು. ಆಮೇಲೆ ನಗು. ಮಾತು ಬರಲು ಬಹಳ ದಿನ ಬೇಕಾಯಿತು, ಬಂದಾಗಲೂ ಹೀಗೆ:

"ಏನಮ್ಮಾ, ಪುಸ್ತಕ ಬದಲಾಗಿದೆ ಇವತ್ತು?"

"ಹಳೇದು ಮುಗೀಲಿಲ್ಲ ಸರ್. ಸುಮ್ನೆ ಬಿಟ್ಟುಬಿಟ್ಟೆ."

"ಒಳ್ಳೇದಾಯ್ತು ಬಿಡಮ್ಮ. ನಂಗೂ ಅದರ ರಟ್ಟು ನೋಡಿ ನೋಡಿ ಸಾಕಾಗಿತ್ತು."

ಇವರು ಯಾರೂ ನನ್ನ ಗೆಳೆಯರಲ್ಲ. ಯಾರ ಫೋನ್ ನಂಬರೂ ನನ್ನ ಹತ್ತಿರ ಇಲ್ಲ, ಕೇಳುವುದೂ ಇಲ್ಲ. ಗುಂಪು ಮಾಡೋಣ ಅಂತ ಒಮ್ಮೆ ಯಾರೋ ಅಂದಾಗ ಮೇಷ್ಟ್ರು, ನಾನು ಇಬ್ಬರೂ ಒಟ್ಟಿಗೆ ಬೇಡ ಅಂದೆವು. ಆದರೆ ಒಳ್ಳೆ ಪ್ಲಂಬರ್ ಯಾರು, ಯಾವ ರಸ್ತೆ ಅಗೆದಿದ್ದಾರೆ, ಯಾವ ಡಾಕ್ಟರ್ ಪೂರ್ತಿ ಮಾತು ಕೇಳಿಸಿಕೊಳ್ಳುತ್ತಾರೆ, ಇದೆಲ್ಲ ನನಗೆ ಗೊತ್ತಾಗಿದ್ದು ಇವರಿಂದಲೇ. ಹೊಸ ಕೆಲಸದ ಸುದ್ದಿಯಂಥದ್ದು ಹತ್ತಿರದವರಿಗಿಂತ ಹೀಗೆ ದೂರದ ಪರಿಚಯದವರಿಂದಲೇ ಹೆಚ್ಚಾಗಿ ಬರುತ್ತದೆ ಅಂತ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಕಾರಣ ಸರಳ. ಹತ್ತಿರದವರಿಗೆ ಗೊತ್ತಿರುವುದು ಹೇಗೂ ನಮಗೂ ಗೊತ್ತಿರುತ್ತದೆ. ಕೆನಡಾದಲ್ಲಿ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಕಾಫಿ ಶಾಪ್‌ನಲ್ಲೇ ಪರೀಕ್ಷೆ ಮಾಡಿ ನೋಡಿದರು. ಕೆಲವರಿಗೆ ಕಾಫಿ ಕೊಡುವವರ ಮುಖ ನೋಡಿ ನಕ್ಕು ಎರಡು ಮಾತಾಡಿ ಅಂದರು, ಉಳಿದವರಿಗೆ ಚುಟುಕಾಗಿ ಕೆಲಸ ಮುಗಿಸಿ ಅಂದರು. ಮಾತಾಡಿದವರು ಹೊರಗೆ ಬಂದಾಗ ಹೆಚ್ಚು ಖುಷಿಯಾಗಿದ್ದರು. ಕೌಂಟರ್‌ನ ಆ ಕಡೆಯವರಿಗೆ ಏನನ್ನಿಸಿತು ಅನ್ನುವುದೂ ನನಗೆ ಅಷ್ಟೇ ಮುಖ್ಯ. ಸಾಲು ಇರುವಾಗ ಹರಟೆ ಹೊಡೆಯುವ ಗಿರಾಕಿಯನ್ನು ಅವರು ಹೇಗೆ ಸಹಿಸುತ್ತಾರೆ ಅಂತ ನಾನೇ ಕಂಡಿದ್ದೇನೆ.

ಕೂರುವುದಕ್ಕೂ ಒಂದು ಮರ್ಯಾದೆ ಇದೆ. ಒಂದು ಕಪ್ ತೆಗೆದುಕೊಂಡು ನಾಲ್ಕು ಜನರ ಮೇಜು ಹಿಡಿಯುವುದಿಲ್ಲ. ಗಂಟೆ ದಾಟಿದರೆ ಇನ್ನೊಂದು ಹೇಳುತ್ತೇನೆ, ಇಲ್ಲವೇ ಏಳುತ್ತೇನೆ. ಮಳೆ ಬಂದು ಜನ ಒಳಗೆ ನುಗ್ಗಿದರೆ ಕೂಡಲೇ ಜಾಗ ಬಿಡುತ್ತೇನೆ. ಸಣ್ಣ ಅಂಗಡಿಗೆ ಬಾಡಿಗೆ ಕಟ್ಟುವುದು ಕುರ್ಚಿಗಳಿಂದ. ಅದು ನಿಂತುಹೋದರೆ ನನ್ನ ಹತ್ತೂವರೆಯೂ ಹೋಗುತ್ತದೆ.

ಎರಡನೇ ಕಪ್ ಮಧ್ಯಾಹ್ನದ ಮೇಲೆ ಕುಡಿಯುವುದಿಲ್ಲ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಜಾಸ್ತಿ ಕಡಿಮೆ ಆಗಿತ್ತು ಅಂತ 2013ರ ಒಂದು ಅಧ್ಯಯನದಲ್ಲಿ ಬಂದಿದೆ. ಅಷ್ಟು ಕೆಫೀನ್ ಅಂದರೆ ನಾಲ್ಕು ಕಪ್ ಆಯಿತು, ನಾನು ಅಷ್ಟು ಕುಡಿಯುವವಳಲ್ಲ. ಆದರೂ ಹಗಲಲ್ಲಿ ನಿಧಾನ ಕಲಿತು ರಾತ್ರಿ ಸೂರು ನೋಡುತ್ತ ಮಲಗುವುದು ಯಾಕೆ?

ಇಟಲಿಯಲ್ಲಿ 1999ರಲ್ಲಿ ಶುರುವಾದ ಚಿಟ್ಟಾಸ್ಲೋ ಎಂಬ ನಿಧಾನ ಊರುಗಳ ಒಕ್ಕೂಟ ಇದೆ. 50 ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಸದಸ್ಯತ್ವ, ಬಸವನಹುಳು ಅದರ ಗುರುತು. ನನ್ನ ಬಡಾವಣೆಗೆ ಅದು ಯಾವ ಕಾಲಕ್ಕೂ ಸಿಗುವುದಿಲ್ಲ. ಸಿಗಬೇಕಾಗಿಯೂ ಇಲ್ಲ. ಒಂದು ಇಡೀ ಊರು ನಿಧಾನ ಆಗುವವರೆಗೆ ಕಾಯುವವರು ಯಾರು?

ಆಫೀಸಿಗೆ ಹೋಗುವವರಿಗೆ ಹತ್ತೂವರೆ ಎಲ್ಲಿಂದ ಬರಬೇಕು ಅಂತ ನನ್ನ ಗಂಡ ಕೇಳಿದರು. ನ್ಯಾಯವಾದ ಪ್ರಶ್ನೆ. ವಾರಾಂತ್ಯದಲ್ಲಿ ಅಂಗಡಿಯ ಲೆಕ್ಕವೇ ಬೇರೆ. ಅವತ್ತು ಹತ್ತೂವರೆಗೆ ಕುರ್ಚಿ ಸಿಗುವುದಿಲ್ಲ. ಬಿಡುವು ಇರುವುದು ಬಾಗಿಲು ತೆಗೆದ ಮೊದಲ ಅರ್ಧ ಗಂಟೆ, ಎಲ್ಲರೂ ಇನ್ನೂ ಮಲಗಿರುವಾಗ. ಅವರು ಶನಿವಾರ ಆ ಹೊತ್ತಿಗೆ ಹೋಗುತ್ತಾರೆ, ಒಬ್ಬರೇ. ನಾನು ಜೊತೆಗೆ ಹೋಗುವುದಿಲ್ಲ. ಇಬ್ಬರೂ ಹೋದರೆ ಮನೆಯ ಮಾತೇ ಅಲ್ಲಿಗೂ ಬರುತ್ತದೆ, ಗ್ಯಾಸ್ ಬುಕ್ ಮಾಡಿದ್ದೀಯಾ, ಕರೆಂಟ್ ಬಿಲ್ ಕಟ್ಟಿದ್ದೀರಾ ಅಂತ. ಅವರಿಗೆ ಅಲ್ಲಿ ಬೇರೆಯೇ ಬಳಗ ಇದೆಯಂತೆ. ನನ್ನ ಮೇಷ್ಟ್ರನ್ನು ಅವರು ಇನ್ನೂ ನೋಡಿಲ್ಲ.

ಮಂಗಳವಾರ ಅಂಗಡಿಗೆ ರಜೆ. ಅವತ್ತು ಮನೆಯಲ್ಲೇ ಪೋರ್‌ಓವರ್ ಮಾಡುತ್ತೇನೆ, ಅಕ್ಕ ಹೇಳಿಕೊಟ್ಟ ಅಳತೆಯಲ್ಲೇ. ಅಲ್ಲಿನ ರುಚಿ ಬರುವುದಿಲ್ಲ. ನನ್ನ ಮಿಕ್ಸಿ ಬೀಜವನ್ನು ಕತ್ತರಿಸುತ್ತದೆ, ಅರ್ಧ ನುಣುಪು, ಅರ್ಧ ತರಿ. ನುಣುಪಿನಿಂದ ಕಹಿ ಇಳಿಯುತ್ತದೆ, ತರಿಯಿಂದ ಏನೂ ಇಳಿಯುವುದಿಲ್ಲ. ಬೀಜವನ್ನು ಎರಡು ಹಲ್ಲಿನ ಚಕ್ರಗಳ ನಡುವೆ ಅರೆಯುವ ಗ್ರೈಂಡರ್ ಕೊಂಡರೆ ಸರಿಹೋಗುತ್ತದೆ ಅಂತ ಅಕ್ಕನೇ ಹೇಳಿದ್ದಾರೆ. ನಾನು ಕೊಂಡಿಲ್ಲ. ಮನೆಯ ಕಾಫಿ ಅಷ್ಟು ಚೆನ್ನಾಗಿಬಿಟ್ಟರೆ ಬುಧವಾರ ಎದ್ದು ಹೋಗಲು ನೆಪ ಎಲ್ಲಿಂದ ತರಲಿ?